ಪ್ರೌಢಶಾಲೆಯ ಆಯ್ಕೆ: ತಂದೆತಾಯಂದಿರಿಗೆ ಕೆಲವು ಮಾತುಗಳು

(ಶತಮಾನೋತ್ಸವದ ಅಂಗವಾಗಿ ದೇವಾಲಯದ ಸಭಾಂಗಣದಲ್ಲಿ ಜರುಗಿದ ತಂದೆತಾಯಂದಿರ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ಈ ಗುಡ್ಡದ ಮೇಲೆ ಹುಲ್ಲು ಹೊದಿಸಿದ ಪುಟ್ಟ ದೇವಾಲಯವನ್ನು ಕಟ್ಟಿದ ನಮ್ಮ ಪೂರ್ವಿಕರು, ಅದರ ಮಗ್ಗುಲಲ್ಲಿಯೇ ಮಕ್ಕಳಿಗೆ ಅಕ್ಷರ ಕಲಿಸಲು ಒಂದು ಚಾವಡಿಯನ್ನೂ ಕಟ್ಟಿದರೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಆ ಕಾಲದ ತಂದೆತಾಯಂದಿರಿಗೆ ಶಾಲೆಯ ಆಯ್ಕೆ ಎಂಬ ಪ್ರಶ್ನೆಯೇ ಇರಲಿಲ್ಲ. ಇದ್ದುದು ಒಂದೇ ಶಾಲೆ. ಸೇರಿಸಬೇಕು, ಇಲ್ಲವೇ ತೋಟದ ಕೆಲಸಕ್ಕೆ ಕಳುಹಿಸಬೇಕು. ಇಂದು ಹಾಗಿಲ್ಲ. ಏಳನೆಯ ತರಗತಿ ಮುಗಿಸಿದ ಮಗುವಿನ ಮುಂದೆ ಸರಕಾರಿ ಪ್ರೌಢಶಾಲೆ, ಅನುದಾನಿತ ಶಾಲೆ, ಅನುದಾನರಹಿತ ಆಂಗ್ಲ ಮಾಧ್ಯಮ ಶಾಲೆ, ಕೇಂದ್ರೀಯ ಪಠ್ಯಕ್ರಮದ ಶಾಲೆ ಎಂದು ನಾಲ್ಕಾರು ಬಾಗಿಲುಗಳು ತೆರೆದಿವೆ. ಬೇಸಿಗೆ ರಜೆ ಬಂತೆಂದರೆ ನಮ್ಮ ಗುರುನಿವಾಸದ ಬಾಗಿಲಲ್ಲಿ ಕೇಳಿಬರುವ ಮೊದಲ ಪ್ರಶ್ನೆ, "ಫಾದರ್, ಮಗುವನ್ನು ಯಾವ ಹೈಸ್ಕೂಲಿಗೆ ಸೇರಿಸೋಣ?" ಎಂಬುದೇ. ಈ ಪ್ರಶ್ನೆಗೆ ಉತ್ತರವನ್ನು ನೀವೇ ಹುಡುಕಿಕೊಳ್ಳುವ ಬಗೆಯನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇವೆ. ಅದಕ್ಕೆ ಕಾರಣವಾದ ನಮ್ಮದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇವೆ.

ಬಹಳ ವರ್ಷಗಳ ಹಿಂದೆ ನಾವು ಬೇರೊಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ, ಕಾಫಿ ತೋಟದ ಲೈನುಮನೆಯಲ್ಲಿದ್ದ ಒಬ್ಬ ತಂದೆ ಮಗನ ಕೈಹಿಡಿದು ಬಂದು ಇದೇ ಪ್ರಶ್ನೆಯನ್ನು ಕೇಳಿದರು. ಪಟ್ಟಣದ ಒಂದು ಶಾಲೆಯ ಮುಂದೆ "ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ 100" ಎಂಬ ದೊಡ್ಡ ಫಲಕವನ್ನು ನಾವು ಕಂಡಿದ್ದೆವು. ಅದನ್ನೇ ನಂಬಿ, "ಅಲ್ಲಿಗೆ ಸೇರಿಸಿ" ಎಂದೆವು. ತಂದೆ ಸಾಲ ಮಾಡಿ ಸೇರಿಸಿದರು. ಹುಡುಗ ಗಣಿತದಲ್ಲಿ ಹಿಂದುಳಿದ. ಒಂಬತ್ತನೆಯ ತರಗತಿಯ ಕೊನೆಯಲ್ಲಿ ತಂದೆಯನ್ನು ಕರೆಸಿ, "ನಿಮ್ಮ ಹುಡುಗನಿಂದ ನಮ್ಮ ಫಲಿತಾಂಶ ಕೆಡುತ್ತದೆ; ವರ್ಗಾವಣೆ ಪತ್ರ ತೆಗೆದುಕೊಳ್ಳಿ, ಬೇಕಾದರೆ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಲಿ" ಎಂದರು. ಆ ಹುಡುಗ ಪರೀಕ್ಷೆ ಕಟ್ಟಲೇ ಇಲ್ಲ. ಮುಂದಿನ ಜೂನ್ ತಿಂಗಳಲ್ಲಿ ಅವನು ತಂದೆಯ ಜೊತೆ ತೋಟದಲ್ಲಿ ಕೆಲಸ ಮಾಡುತ್ತಿದ್ದುದನ್ನು ನಾವು ಕಣ್ಣಾರೆ ಕಂಡೆವು. ಆ ತಂದೆ ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಮ್ಮ ಮನಸ್ಸಿಗೆ ಹಗುರವಾಗುತ್ತಿತ್ತೇನೋ. ಮಾರನೆಯ ವರ್ಷವೂ ಆ ಶಾಲೆಯ ಫಲಕದಲ್ಲಿ ಶೇಕಡಾ 100 ಎಂದೇ ಬರೆದಿತ್ತು. ಬರೆದದ್ದು ಸುಳ್ಳಾಗಿರಲಿಲ್ಲ. ಪರೀಕ್ಷೆಗೆ ಕುಳಿತವರೆಲ್ಲರೂ ಉತ್ತೀರ್ಣರಾಗಿದ್ದರು. ಕುಳಿತುಕೊಳ್ಳಲು ಬಿಡದವನ ಲೆಕ್ಕ ಮಾತ್ರ ಅಲ್ಲಿರಲಿಲ್ಲ.

ಆದುದರಿಂದ ನಾವು ಹೇಳಬೇಕಾದ ಮುಖ್ಯ ಮಾತು ಇದು: ಎಷ್ಟು ಮಂದಿ ಉತ್ತೀರ್ಣರಾದರು ಎಂದು ಕೇಳುವುದಕ್ಕೆ ಮೊದಲು, ಎಂಟನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತರು ಎಂದು ಕೇಳಿರಿ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಮೊದಲನೆಯ ಶಾಲೆಯಲ್ಲಿ ಎಂಟನೆಯ ತರಗತಿಗೆ 60 ಮಕ್ಕಳು ಸೇರಿದರು. ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರು 41, ಉತ್ತೀರ್ಣರಾದವರೂ 41. ಫಲಕದಲ್ಲಿ ಶೇಕಡಾ 100. ಎರಡನೆಯ ಶಾಲೆಗೆ ಸೇರಿದವರು 50. ಕುಳಿತವರು 49, ಉತ್ತೀರ್ಣರು 42. ಫಲಕದಲ್ಲಿ ಶೇಕಡಾ 86. ಫಲಕವನ್ನು ಮಾತ್ರ ಓದಿದವನು ಮೊದಲನೆಯ ಶಾಲೆಗೇ ಓಡುತ್ತಾನೆ. ಆದರೆ ಸೇರಿದ ಮಕ್ಕಳನ್ನು ಲೆಕ್ಕಕ್ಕೆ ಹಿಡಿದರೆ ಮೊದಲನೆಯ ಶಾಲೆ ದಡ ಸೇರಿಸಿದ್ದು ನೂರಕ್ಕೆ 68 ಮಕ್ಕಳನ್ನು. ಎರಡನೆಯದು 84 ಮಕ್ಕಳನ್ನು. ನಿಮ್ಮ ಮಗು ಜಾಣನಾದರೆ ಎರಡೂ ಕಡೆ ಉಳಿದೀತು. ಸಾಧಾರಣ ಮಗುವಾದರೆ ಯಾವ ಶಾಲೆ ಅದನ್ನು ಕೈಬಿಡದೆ ನಡೆಸೀತು ಎಂಬುದೇ ಪ್ರಶ್ನೆ.

ಈ ಲೆಕ್ಕವನ್ನು ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ಹಿಂದೆ ನಿಜವಾಗಿಯೂ ಕಷ್ಟವಿತ್ತು. ಈಗ ಅಷ್ಟು ಕಷ್ಟವಿಲ್ಲ. ದೇಶದ ಪ್ರತಿಯೊಂದು ಮಾನ್ಯತೆ ಪಡೆದ ಶಾಲೆಯೂ ವರ್ಷಕ್ಕೊಮ್ಮೆ ತನ್ನ ವಿವರಗಳನ್ನು ಕೇಂದ್ರ ಶಿಕ್ಷಣ ಸಚಿವಾಲಯದ "ಯು-ಡೈಸ್ ಪ್ಲಸ್" ಎಂಬ ಮಾಹಿತಿ ವ್ಯವಸ್ಥೆಗೆ ಸಲ್ಲಿಸಬೇಕು. ಪ್ರತಿ ಶಾಲೆಗೂ 11 ಅಂಕಿಗಳ ಒಂದು ಸಂಖ್ಯೆ ಇದೆ. ಕರ್ನಾಟಕದ ಶಾಲೆಗಳ ಸಂಖ್ಯೆ 29ರಿಂದ ಆರಂಭವಾಗುತ್ತದೆ. ಆ ಸಂಖ್ಯೆಯಿಂದಲೋ ಶಾಲೆಯ ಹೆಸರಿನಿಂದಲೋ ಹುಡುಕಿದರೆ ಶಾಲೆಯ ವರದಿ ದೊರೆಯುತ್ತದೆ. ಯಾವ ತರಗತಿಯಲ್ಲಿ ಎಷ್ಟು ಮಕ್ಕಳು, ಶಿಕ್ಷಕರೆಷ್ಟು, ಬೋಧನಾ ಮಾಧ್ಯಮ ಯಾವುದು, ಕೊಠಡಿಗಳೆಷ್ಟು, ಗ್ರಂಥಾಲಯವಿದೆಯೇ, ಕುಡಿಯುವ ನೀರಿದೆಯೇ, ಹೆಣ್ಣುಮಕ್ಕಳಿಗೆ ಬಳಕೆಯಲ್ಲಿರುವ ಶೌಚಾಲಯ ಇದೆಯೇ ಎಂಬಿವೆಲ್ಲ ಅದರಲ್ಲಿರುತ್ತವೆ. ಒಂದು ವರ್ಷದ ಎಂಟನೆಯ ತರಗತಿಯ ಸಂಖ್ಯೆಯನ್ನೂ ಎರಡು ವರ್ಷಗಳ ನಂತರದ ಹತ್ತನೆಯ ತರಗತಿಯ ಸಂಖ್ಯೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಅಂತರ ಸಣ್ಣದಾದರೆ ಚಿಂತೆಯಿಲ್ಲ. ತೋಟದ ಕೆಲಸಗಾರರ ಕುಟುಂಬಗಳು ಊರು ಬಿಡುವುದುಂಟು, ಮಕ್ಕಳು ವರ್ಗವಾಗಿ ಹೋಗುವುದುಂಟು. ಅಂತರ ದೊಡ್ಡದಾಗಿದ್ದು, ವರ್ಷ ವರ್ಷವೂ ಹಾಗೆಯೇ ಇದ್ದರೆ, ಮುಖ್ಯೋಪಾಧ್ಯಾಯರನ್ನು ವಿನಯದಿಂದ ಕೇಳಿರಿ: "ಸಾರ್, ಉಳಿದ ಮಕ್ಕಳು ಎಲ್ಲಿಗೆ ಹೋದರು?" ಉತ್ತರದ ಮಾತಿನಷ್ಟೇ ಉತ್ತರ ಕೊಡುವ ರೀತಿಯೂ ನಿಮಗೆ ಬಹಳಷ್ಟನ್ನು ತಿಳಿಸುತ್ತದೆ.

ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಗೆ, ಅಂದರೆ ಸಿ.ಬಿ.ಎಸ್.ಇ.ಗೆ ಸೇರಿದ ಶಾಲೆಗಳು ತಮ್ಮ ಜಾಲತಾಣದಲ್ಲಿ ಕಡ್ಡಾಯವಾಗಿ ಕೆಲವು ವಿವರಗಳನ್ನು ಪ್ರಕಟಿಸಬೇಕೆಂಬ ನಿಯಮವಿದೆ. ಮಂಡಳಿಯ ಮಾನ್ಯತೆಯ ಸಂಖ್ಯೆ, ಕಟ್ಟಡ ಮತ್ತು ಅಗ್ನಿ ಸುರಕ್ಷತೆಯ ಪ್ರಮಾಣಪತ್ರ, ಶುಲ್ಕದ ವಿವರ, ಶಿಕ್ಷಕರ ಸಂಖ್ಯೆ, ಕಳೆದ ಮೂರು ವರ್ಷಗಳ ಫಲಿತಾಂಶ ಇವೆಲ್ಲ ಅದರಲ್ಲಿ ಬರುತ್ತವೆ. ಫಲಕದಲ್ಲಿ ಸಿ.ಬಿ.ಎಸ್.ಇ. ಎಂದು ಬರೆದಿದ್ದು ಮಾನ್ಯತೆಯ ಸಂಖ್ಯೆಯೇ ಕಾಣದಿದ್ದರೆ, ಒಂದು ರೂಪಾಯಿಯನ್ನೂ ಕಟ್ಟುವ ಮೊದಲು ವಿಚಾರಿಸಿರಿ. ರಾಜ್ಯ ಪಠ್ಯಕ್ರಮದ ಶಾಲೆಗಳ ಮಾನ್ಯತೆಯ ವಿಚಾರವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ಅಲ್ಲಿ ಬಾಯಿಮಾತಿಗೆ ಉತ್ತರ ದೊರೆಯದಿದ್ದರೆ, 2005ರ ಮಾಹಿತಿ ಹಕ್ಕು ಕಾಯಿದೆಯ ಮೇರೆಗೆ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಕೊಡಬಹುದು. ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕೆಂದು ಕಾಯಿದೆ ಹೇಳುತ್ತದೆ.

ಇನ್ನು ಫಲಿತಾಂಶದ ಅಂಕೆಯನ್ನು ಓದುವ ರೀತಿ. ಇಲ್ಲಿ ಎರಡು ಎಚ್ಚರಿಕೆಗಳು ಬೇಕು.

ಮೊದಲನೆಯದು, ಒಂದೇ ವರ್ಷದ ಅಂಕೆಯನ್ನು ನಂಬಬೇಡಿರಿ. ಹನ್ನೆರಡು ಮಕ್ಕಳಿರುವ ಹಳ್ಳಿಯ ಶಾಲೆಯಲ್ಲಿ ಒಂದು ಮಗು ಅನುತ್ತೀರ್ಣವಾದರೂ ಫಲಿತಾಂಶ ನೂರರಿಂದ 92ಕ್ಕೆ ಇಳಿಯುತ್ತದೆ. ಆ ಮಗುವಿಗೆ ಪರೀಕ್ಷೆಯ ದಿನ ಜ್ವರ ಬಂದಿರಬಹುದು; ಶಾಲೆ ಕೆಟ್ಟಿತೆಂದು ಅದರರ್ಥವಲ್ಲ. ಮೂರು ನಾಲ್ಕು ವರ್ಷಗಳ ಅಂಕೆಗಳನ್ನು ಒಟ್ಟಿಗೆ ನೋಡಬೇಕು.

ಎರಡನೆಯದು, ಒಂದು ವರ್ಷದ ಅಂಕೆಯನ್ನು ಇನ್ನೊಂದು ವರ್ಷದ ಅಂಕೆಯೊಡನೆ ಕಣ್ಣುಮುಚ್ಚಿ ಹೋಲಿಸಬೇಡಿರಿ. 2021ರಲ್ಲಿ ಕೊರೋನಾ ಪಿಡುಗಿನ ನಡುವೆ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆಗಳ ರೂಪದಲ್ಲಿ ನಡೆಯಿತು; ರಾಜ್ಯದಲ್ಲಿ ಪರೀಕ್ಷೆಗೆ ಕುಳಿತವರು ಹೆಚ್ಚುಕಡಿಮೆ ಎಲ್ಲರೂ ಉತ್ತೀರ್ಣರಾದರು. ಆ ವರ್ಷದ ನೂರಕ್ಕೆ ನೂರು ಯಾವ ಶಾಲೆಯ ಹಿರಿಮೆಯನ್ನೂ ಹೇಳುವುದಿಲ್ಲ. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 83.89 ಇದ್ದದ್ದು 2024ರ ಮೊದಲ ಪರೀಕ್ಷೆಯಲ್ಲಿ 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆ. ಆ ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮರಾದ ಕಣ್ಗಾವಲು ಬಂದಿತ್ತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಲಿಲ್ಲ. ಅಳೆಯುವ ಕೋಲು ಬದಲಾಯಿತು. ಆದುದರಿಂದ ಒಂದು ಶಾಲೆಯನ್ನು ಅದೇ ವರ್ಷದ ತಾಲ್ಲೂಕಿನ ಹಾಗೂ ರಾಜ್ಯದ ಫಲಿತಾಂಶದೊಡನೆ ಹೋಲಿಸುವುದೇ ನ್ಯಾಯ.

ಮಾಧ್ಯಮದ ಬಗ್ಗೆಯೂ ಒಂದು ಮಾತು. ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಮಗುವನ್ನು ಎಂಟನೆಯದಕ್ಕೆ ಆಂಗ್ಲ ಮಾಧ್ಯಮಕ್ಕೆ ಸೇರಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಸೇರಿಸಬಾರದೆಂದು ನಾವು ಹೇಳುವುದಿಲ್ಲ. ಆದರೆ ನಿನ್ನೆಯವರೆಗೆ "ದ್ಯುತಿಸಂಶ್ಲೇಷಣೆ", "ವರ್ಗಮೂಲ" ಎಂದು ಓದಿದ ಮಗು ಒಂದೇ ಬೇಸಿಗೆಯಲ್ಲಿ ಅವೆಲ್ಲವನ್ನೂ ಬೇರೊಂದು ಭಾಷೆಯಲ್ಲಿ ಓದಬೇಕಾಗುತ್ತದೆ. ಅಂಥ ಮಕ್ಕಳಿಗೆ ಶಾಲೆ ಏನು ಮಾಡುತ್ತದೆ, ವರ್ಷಾರಂಭದ ಸೇತುಬಂಧದ ಪಾಠಗಳನ್ನು ನಿಜವಾಗಿ ನಡೆಸುತ್ತದೆಯೇ, ಕಳೆದ ವರ್ಷ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಈಗ ಹೇಗಿದ್ದಾರೆ ಎಂದು ವಿಚಾರಿಸಿರಿ. ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯ 625 ಅಂಕಗಳಲ್ಲಿ 125 ಪ್ರಥಮ ಭಾಷೆಯವು. ಆ ಶಾಲೆಯಲ್ಲಿ ನಿಮ್ಮ ಮಗುವಿನ ಪ್ರಥಮ ಭಾಷೆ ಯಾವುದಾಗುತ್ತದೆ ಎಂಬುದನ್ನೂ ಸೇರಿಸುವ ಮೊದಲೇ ತಿಳಿದುಕೊಳ್ಳಿರಿ.

ಕಾಗದದ ಮಾಹಿತಿಗೆ ಒಂದು ಮಿತಿಯಿದೆ. ಯು-ಡೈಸ್ ವರದಿಯ ವಿವರಗಳನ್ನು ತುಂಬುವುದು ಶಾಲೆಯೇ. "ಗ್ರಂಥಾಲಯ ಇದೆ" ಎಂಬ ಸಾಲಿನ ಹಿಂದೆ ಬೀಗ ಹಾಕಿದ ಬೀರುವೂ ಇರಬಹುದು. ಆದ್ದರಿಂದ ಓದಿದ ಮೇಲೆ ಹೋಗಿ ನೋಡಿರಿ. ಮಗುವನ್ನೂ ಕರೆದುಕೊಂಡು ಹೋಗಿರಿ. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತು, ಹೊರಬರುವ ಮಕ್ಕಳ ಮುಖಗಳನ್ನು ಗಮನಿಸಿರಿ. ಹೆಣ್ಣುಮಗಳಾದರೆ ಶೌಚಾಲಯವನ್ನೂ, ಕೊನೆಯ ಬಸ್ಸಿನ ವೇಳೆಯನ್ನೂ, ಬಸ್ಸಿಳಿದು ಮನೆಗೆ ನಡೆಯಬೇಕಾದ ದಾರಿಯನ್ನೂ ತಾಯಂದಿರೇ ಹೋಗಿ ನೋಡಿ ಬರಲಿ. ಬೋಧನಾ ಶುಲ್ಕವಲ್ಲದೆ ಬಸ್ಸು, ಸಮವಸ್ತ್ರ, ಪುಸ್ತಕ, ಪ್ರವಾಸ ಎಂದು ಮೂರು ವರ್ಷಗಳಿಗೆ ಒಟ್ಟು ಎಷ್ಟಾಗುತ್ತದೆ ಎಂದು ಬರೆದು ಕೂಡಿಸಿರಿ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲವೇ?

"ನಮ್ಮ ಸಭೆಯ ಶಾಲೆಗಳಿರುವಾಗ ಈ ವಿಚಾರಣೆಯೆಲ್ಲ ಏಕೆ?" ಎಂದು ಕೆಲವರಿಗೆ ಅನ್ನಿಸಬಹುದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯು, ಸಾಧ್ಯವಿದ್ದಾಗ ಮಕ್ಕಳನ್ನು ಕಥೋಲಿಕ ಶಾಲೆಗಳಿಗೆ ಒಪ್ಪಿಸುವ ಕರ್ತವ್ಯವನ್ನು ತಂದೆತಾಯಂದಿರಿಗೆ ನೆನಪಿಸುತ್ತದೆ, ನಿಜ. ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಂದಿರೇ ಎಂದೂ, ಶಾಲೆಯನ್ನು ಆರಿಸಿಕೊಳ್ಳುವುದರಲ್ಲಿ ಅವರಿಗೆ ನಿಜವಾದ ಸ್ವಾತಂತ್ರ್ಯ ಇರಬೇಕೆಂದೂ ಅದೇ ಘೋಷಣೆ ಹೇಳುತ್ತದೆ. ತಿಳಿಯದೆ ಮಾಡುವ ಆಯ್ಕೆ ಸ್ವಾತಂತ್ರ್ಯವಾಗಲಾರದು. ಬಡವರ ಮಕ್ಕಳನ್ನು, ಕಲಿಕೆಯಲ್ಲಿ ಹಿಂದುಳಿದವರನ್ನು ಕೈಬಿಡದಿರುವುದೇ ನಮ್ಮ ಶಾಲೆಗಳ ಗುರುತಾಗಿರುವಾಗ, ಅವು ಈ ಪ್ರಶ್ನೆಗೆ ಅಂಜಬೇಕಾಗಿಲ್ಲ.

ಆದುದರಿಂದ ಬೇರೆಯವರನ್ನು ಕೇಳುವ ಮೊದಲು ನಮ್ಮನ್ನೇ ಕೇಳಿಕೊಂಡಿದ್ದೇವೆ. ನಮ್ಮ ಧರ್ಮಕೇಂದ್ರದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಅವರೊಡನೆ ಕುಳಿತು ಮಾತನಾಡಿ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಈ ಶತಮಾನೋತ್ಸವದ ವರ್ಷದಿಂದ ಪ್ರತಿ ಮೇ ತಿಂಗಳಲ್ಲಿ, ಎಂಟನೆಯ ತರಗತಿಗೆ ಸೇರಿದವರು, ಪರೀಕ್ಷೆಗೆ ಕುಳಿತವರು, ಉತ್ತೀರ್ಣರಾದವರು, ನಡುವೆ ಬಿಟ್ಟವರು ಎಂಬ ನಾಲ್ಕು ಸಂಖ್ಯೆಗಳನ್ನು ದೇವಾಲಯದ ಸೂಚನಾ ಫಲಕದಲ್ಲಿ ಹಾಕುತ್ತೇವೆ. ಮೊದಲ ವರ್ಷದ ಸಂಖ್ಯೆಗಳನ್ನು ಈಗಾಗಲೇ ಬರೆದು ನೋಡಿದ್ದೇವೆ. ನಡುವೆ ಬಿಟ್ಟವರ ಸಂಖ್ಯೆ ಸೊನ್ನೆಯಲ್ಲ ಎಂದು ತಲೆತಗ್ಗಿಸಿ ಹೇಳುತ್ತೇವೆ. ಆ ಮಕ್ಕಳ ಮನೆಗಳಿಗೆ ಸಿಸ್ಟರುಗಳೂ ನಾವೂ ಹೋಗಲಾರಂಭಿಸಿದ್ದೇವೆ.

ನಿಮ್ಮಲ್ಲಿ ಅನೇಕರಿಗೆ ಮೊಬೈಲಿನಲ್ಲಿ ಈ ವರದಿಗಳನ್ನು ಹುಡುಕುವುದು ಕಷ್ಟವಾದೀತು. ಅದಕ್ಕಾಗಿ ಏಪ್ರಿಲ್ ಮತ್ತು ಮೇ ತಿಂಗಳ ಭಾನುವಾರಗಳಂದು ಎರಡನೆಯ ಬಲಿಪೂಜೆಯ ನಂತರ ಧರ್ಮಕೇಂದ್ರದ ಯುವಕ ಯುವತಿಯರು ಇದೇ ಸಭಾಂಗಣದಲ್ಲಿ ಕುಳಿತಿರುತ್ತಾರೆ. ನೀವು ಶಾಲೆಯ ಹೆಸರನ್ನು ಹೇಳಿದರೆ ಸಾಕು. ಅವರು ವರದಿಯನ್ನು ತೆಗೆದು ಓದಿ ಹೇಳುತ್ತಾರೆ. ಯಾವ ಜಾತಿ, ಯಾವ ಧರ್ಮದ ನೆರೆಹೊರೆಯವರಾದರೂ ಬರಬಹುದು. ಯಾವ ಶಾಲೆಗೆ ಸೇರಿಸಬೇಕೆಂದು ಮಾತ್ರ ಅವರಾಗಲಿ ನಾವಾಗಲಿ ಹೇಳುವುದಿಲ್ಲ. ಆ ತೀರ್ಮಾನ ನಿಮ್ಮದು.

ಅಂದು ತೋಟದಲ್ಲಿ ಕಂಡ ಹುಡುಗನಿಗೆ ಈಗ ಮದುವೆಯಾಗಿ ಮಕ್ಕಳಿದ್ದಾರೆ. ಕಳೆದ ವರ್ಷ ಅವನು ನಮ್ಮನ್ನು ಹುಡುಕಿಕೊಂಡು ಬಂದು, ತನ್ನ ಮಗಳಿಗೆ ಯಾವ ಪ್ರೌಢಶಾಲೆ ಒಳ್ಳೆಯದೆಂದು ಕೇಳಿದನು. ಈ ಬಾರಿ ನಾವು ಶಾಲೆಯ ಹೆಸರು ಹೇಳಲಿಲ್ಲ. ಇಬ್ಬರೂ ಕುಳಿತು ಮೂರು ಶಾಲೆಗಳ ಲೆಕ್ಕವನ್ನು ಓದಿದೆವು. ಎರಡು ಶಾಲೆಗಳನ್ನು ಅವನೇ ಹೋಗಿ ನೋಡಿ ಬಂದು, ಒಂದನ್ನು ಆರಿಸಿದನು. ಮಗಳು ಈಗ ಅಲ್ಲಿ ಓದುತ್ತಿದ್ದಾಳೆ.

ಬಾಲಯೇಸುವನ್ನು ನಜರೇತಿನಲ್ಲಿ ಸಲಹಿದ ಮಾತೆ ಮರಿಯಳೂ ಸಂತ ಜೋಸೆಫರೂ ನಿಮ್ಮ ಮಕ್ಕಳಿಗಾಗಿ ಪ್ರಾರ್ಥಿಸಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.