ಫೋನು ಕೂಗಿತು, ಅರ್ಥ ಆದದ್ದು ಯಾರಿಗೆ?

ನಾನು ಭಾಷಣಕಾರ ಅಲ್ಲ, ಐಟಿಐ ಓದಿದ ಎಲೆಕ್ಟ್ರಿಷಿಯನ್. ಗೊತ್ತಿರೋದಷ್ಟು ಹೇಳ್ತೇನೆ.

2024ರ ಏಪ್ರಿಲ್ 16ರ ಮಳೆಯನ್ನು ಯುಎಇಯಲ್ಲಿ ಯಾರೂ ಮರೆತಿಲ್ಲ. ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿಲಿಮೀಟರ್ ಬಿತ್ತು. 1949ರಿಂದ ಲೆಕ್ಕ ಇಟ್ಟಿದ್ದಾರೆ, ಅಷ್ಟು ಯಾವತ್ತೂ ಬಿದ್ದಿರಲಿಲ್ಲ. ಆಗುಂಬೆಯವರು ನಗಬಹುದು. ಆದರೆ ಇಲ್ಲಿ ರಸ್ತೆಗಳೇ ಕೆರೆಯಾದವು.

ಸರ್ಕಾರ ಎಚ್ಚರಿಕೆ ಕೊಟ್ಟಿತ್ತು. ಫೋನುಗಳು ಕೂಗಿಕೊಂಡವು, ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ. ನಮ್ಮ ರೂಮಿಗೆ ಹೊಸದಾಗಿ ಬಂದ ಹುಡುಗ ಅದೇನೋ ಕಂಪನಿ ಮೆಸೇಜು ಅಂತ ಒತ್ತಿ ಮಲಗಿಬಿಟ್ಟ. ಕೆಳಗಿನ ರೂಮಿನಲ್ಲಿ ನೀರು ಸಾಕೆಟ್ ಹತ್ತಿರ ಬಂದರೂ ಮೊಬೈಲ್ ಚಾರ್ಜಿಗೆ ಹಾಕಿಯೇ ಇತ್ತು. ಆ ಹೊತ್ತಿಗೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಏನು ನಡೀತಿತ್ತು ಅಂದ್ರೆ, ಮೋಡ ಬಿತ್ತನೆಯಿಂದಲೇ ಮಳೆ ಬಂತು ಅನ್ನೋ ವಾದ! ಆ ಮಳೆಗೆ ಬಿತ್ತನೆ ಮಾಡಿಲ್ಲ ಅಂತ ಹವಾಮಾನ ಕೇಂದ್ರವೇ ಹೇಳಿತು. ಸುಳ್ಳು ಸುದ್ದಿ ಹರಡಿದರೆ ಇಲ್ಲಿ ಜೈಲು ಇದೆ ಅನ್ನೋದೂ ನೆನಪಿರಲಿ.

ರಾಜ್ಯೋತ್ಸವ, ಯಕ್ಷಗಾನ, ಕ್ರಿಕೆಟ್ ಎಲ್ಲ ಬೇಕು. ಊಟದ ಕೂಪನ್ ಹಂಚಲು ಪ್ರತಿ ಕ್ಯಾಂಪಿಗೆ ನಮ್ಮವನೊಬ್ಬ ಇದ್ದಾನಲ್ಲ, ಅವನೇ ಇದಕ್ಕೂ ಸಾಕು. ಸರ್ಕಾರದ ಮೆಸೇಜು ಬಂದ ಕೂಡಲೇ ಅರ್ಧ ನಿಮಿಷದ ವಾಯ್ಸ್ ಹಾಕಲಿ, ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ. ಬರೆದು ಹಾಕಿದರೆ ಎಲ್ಲರಿಗೂ ಓದಲು ಬರಲ್ಲ. ಶುರುವಿಗೇ ದಿನಾಂಕ, ಗಂಟೆ ಹೇಳಲಿ. ಫಾರ್ವರ್ಡ್ ಆಗಿ ವಾರ ಬಿಟ್ಟು ಬಂದರೂ ಹಳೇದು ಅಂತ ತಿಳಿಯಬೇಕು. ಮನೆಕೆಲಸಕ್ಕಿರುವ ಅಕ್ಕಂದಿರ ಕೈಯಲ್ಲಿ ಫೋನು ಸದಾ ಇರಲ್ಲ. ಅವರನ್ನು ಯಾರು ವಿಚಾರಿಸಬೇಕು ಅಂತ ಇವತ್ತೇ ಹೆಸರು ಹಿಡಿದು ಗೊತ್ತು ಮಾಡೋಣ.

ಇನ್ನು ನನ್ನ ಕೆಲಸದ ಮಾತು. ನೀರು ಒಳಗೆ ಬರುವ ಮೊದಲೇ, ಕೈ ಒಣಗಿರುವಾಗ, ಒಣ ನೆಲದ ಮೇಲೆ ನಿಂತು ಡಿಬಿಯ ಮೇನ್ ಆಫ್ ಮಾಡಿ. ನೀರು ನಿಂತ ಮೇಲೆ ಡಿಬಿ ಹತ್ತಿರ ಸುಳಿಯಲೇಬೇಡಿ. ಇಎಲ್‌ಸಿಬಿ ಟ್ರಿಪ್ ಆದರೆ ಮತ್ತೆ ಮತ್ತೆ ಎತ್ತುವವರನ್ನು ನೋಡಿದ್ದೇನೆ. ಮಾರಾಯ್ರೆ, ಎಲ್ಲೋ ಕರೆಂಟು ಸೋರುತ್ತಿದೆ ಅಂತ ಅದು ಬಿದ್ದಿರೋದು! ಪೊಲೀಸ್ 999, ಆಂಬುಲೆನ್ಸ್ 998, ಬೆಂಕಿಗೆ 997. ಫೋನಿನಲ್ಲಿ ಅಲ್ಲ, ಬಾಗಿಲ ಹಿಂದೆ ಬರೆದು ಅಂಟಿಸಿ.

ಊಟದ ಕೌಂಟರ್ ಪಕ್ಕ ನೋಟ್‌ಬುಕ್ ಇಟ್ಟಿದ್ದೇನೆ. ಕ್ಯಾಂಪಿನ ಹೆಸರು, ರೂಮ್ ನಂಬರ್, ರೂಮಿನಲ್ಲಿ ಎಷ್ಟು ಜನ ಅಂತ ಬರೆದೇ ತಟ್ಟೆ ತಗೊಳ್ಳಿ.