ಎಂಟನೇ ತರಗತಿಯ ಹುಡುಗಿ ಮೈದಾನ ಬಿಡದಿರಲಿ



ದೈಹಿಕ ಶಿಕ್ಷಕ ಬಂಧುಗಳೇ, ಮೂವತ್ತೊಂದು ವರ್ಷ ಸೀಟಿ ಊದಿ, ಸುಣ್ಣದ ಗೆರೆ ಎಳೆದು ನಿವೃತ್ತಳಾದವಳನ್ನು ಈ ಪೀಠದಲ್ಲಿ ಕೂರಿಸಿದ್ದೀರಿ. ಇದು ನಮ್ಮ ವೃತ್ತಿಗೆ ಸಂದ ಗೌರವವೆಂದು ಸ್ವೀಕರಿಸುತ್ತೇನೆ. ಇವತ್ತು ನಾನು ಹೇಳಬೇಕಾದ್ದು ಒಂದೇ ಮಾತು. ಐದನೇ ತರಗತಿಯಲ್ಲಿ ಹುಡುಗರನ್ನು ಹಿಂದೆ ಹಾಕಿ ಓಡುವ ಹುಡುಗಿ ಹತ್ತನೇ ತರಗತಿಗೆ ಬರುವಷ್ಟರಲ್ಲಿ ಮೈದಾನದಲ್ಲಿ ಕಾಣುವುದಿಲ್ಲ. ಆ ನಡುವಿನ ವರ್ಷಗಳಲ್ಲಿ ಅವಳನ್ನು ಕಳೆದುಕೊಳ್ಳುತ್ತಿರುವವರು ನಾವೇ.

ಒಂದು ತಾಲ್ಲೂಕು ಮಟ್ಟದ ಕ್ರೀಡಾಕೂಟ ನನಗೆ ಇಂದಿಗೂ ಮರೆತಿಲ್ಲ. ಬಟ್ಟೆ ಬದಲಿಸಲು ಕೋಣೆ ಇರಲಿಲ್ಲ. ಹೊಂಗೆ ಮರದ ಹಿಂದೆ ನಾಲ್ವರು ಹುಡುಗಿಯರು ವೇಲುಗಳನ್ನು ಗಂಟು ಹಾಕಿ ಪರದೆ ಹಿಡಿದು ನಿಂತರು. ಒಬ್ಬೊಬ್ಬರೇ ಒಳಗೆ ಹೋಗಿ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬಂದರು. ಹುಡುಗರ ಪಂದ್ಯಗಳೆಲ್ಲ ಮುಗಿದು ಬಾಲಕಿಯರ ಖೋ-ಖೋ ಫೈನಲ್‌ಗೆ ಕರೆ ಬಂದಾಗ ಕೊನೆಯ ಬಸ್ಸಿಗೆ ಅರ್ಧ ಗಂಟೆ ಉಳಿದಿತ್ತು. ನಮ್ಮ ತಂಡದ ಅತ್ಯುತ್ತಮ ಓಟಗಾರ್ತಿ ಚೀಲ ಹೆಗಲಿಗೇರಿಸಿ, “ಮಿಸ್, ಬಸ್ ತಪ್ಪಿದ್ರೆ ಅಪ್ಪ ಇನ್ಮುಂದೆ ಕಳಿಸಲ್ಲ” ಎಂದಳು. ಮರುವರ್ಷ ಅವಳ ಹೆಸರು ಪಟ್ಟಿಯಲ್ಲಿರಲಿಲ್ಲ. ಅವಳನ್ನು ಎದುರಾಳಿ ಔಟ್ ಮಾಡಲಿಲ್ಲ, ನಮ್ಮ ವೇಳಾಪಟ್ಟಿ ಔಟ್ ಮಾಡಿತು. ಅದನ್ನು ಬರೆದ ಸಮಿತಿಯಲ್ಲಿ ನಾನೂ ಇದ್ದೆ.

ಬಂಧುಗಳೇ, ಹೆಣ್ಣುಮಕ್ಕಳಿಗೆ ಆಗುವುದಿಲ್ಲ ಎಂಬ ತೀರ್ಪು ಬಹಳ ಹಳೆಯದು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಒಬ್ಬ ಮಹಿಳೆಯೂ ಸ್ಪರ್ಧಿಸಲಿಲ್ಲ. 1928ರಲ್ಲಿ ಮಹಿಳೆಯರು 800 ಮೀಟರ್ ಓಡಿದರು. ಇದು ಅವರ ಮೈಗೆ ತಾಳದ ಓಟ ಎಂದು ಅದನ್ನು ಕೈಬಿಟ್ಟವರು ಮತ್ತೆ ಸೇರಿಸಿದ್ದು 1960ರಲ್ಲಿ. ಮಹಿಳಾ ಭಾರ ಎತ್ತುವ ಸ್ಪರ್ಧೆ ಒಲಿಂಪಿಕ್ಸ್‌ಗೆ ಬಂದದ್ದೇ 2000ದಲ್ಲಿ, ಸಿಡ್ನಿಯಲ್ಲಿ. ಅದೇ ವರ್ಷ ಕರ್ಣಂ ಮಲ್ಲೇಶ್ವರಿ ಕಂಚು ಗೆದ್ದು, ಒಲಿಂಪಿಕ್ ಪದಕ ತಂದ ಮೊದಲ ಭಾರತೀಯ ಮಹಿಳೆಯಾದರು. ಬಾಗಿಲು ತೆರೆದ ದಿನವೇ ಪದಕ ಬಂತು ಎಂದರೆ, ಅಷ್ಟು ವರ್ಷ ಕೊರತೆಯಿದ್ದದ್ದು ಎಲ್ಲಿ ಎಂದು ಯೋಚಿಸಿ.

ನಮ್ಮ ನೆಲದ ಕಥೆಯೂ ಅದೇ. 1976ರಲ್ಲಿ ಭಾರತದ ಮಹಿಳೆಯರು ಮೊದಲ ಕ್ರಿಕೆಟ್ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲಿ, ನಮ್ಮ ಶಾಂತಾ ರಂಗಸ್ವಾಮಿ ಅವರ ನಾಯಕತ್ವದಲ್ಲಿ. ಪುರುಷರಷ್ಟೇ ಪಂದ್ಯ ಶುಲ್ಕ, ಅಂದರೆ ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ ಎಂದು ಬಿಸಿಸಿಐ ಘೋಷಿಸಲು 2022ರವರೆಗೆ ಕಾಯಬೇಕಾಯಿತು. 2025ರ ನವೆಂಬರ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಎತ್ತಿಹಿಡಿದರು. ಕಾರ್ಕಳ ಕಡೆಯ ಮಮತಾ ಪೂಜಾರಿ ಕಬಡ್ಡಿಯಲ್ಲಿ ದೇಶದ ನಾಯಕಿಯಾದರು. 2025ರ ಜನವರಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಇಂಥ ಊರುಗಳ ಮಕ್ಕಳು ಮೊದಲು ಬಂದು ನಿಲ್ಲುವುದು ನಮ್ಮಂಥ ಮೇಷ್ಟ್ರು, ಮಿಸ್‌ಗಳ ಮುಂದೆಯೇ.

ಆದ್ದರಿಂದ ನಮ್ಮ ಕೈಯಲ್ಲೇ ಇರುವ ಕೆಲಸಗಳನ್ನು ಹೇಳುತ್ತೇನೆ. ಬಾಲಕಿಯರ ಪಂದ್ಯಗಳನ್ನು ಬೆಳಿಗ್ಗೆಯೇ ಇಡೋಣ. ಚಿಲಕವಿರುವ ಕೋಣೆ, ನೀರಿರುವ ಶೌಚಾಲಯ ಇಲ್ಲದ ಕಡೆ ಕ್ರೀಡಾಕೂಟ ಬೇಡ ಎಂದು ಹಟ ಹಿಡಿಯೋಣ. ಕ್ರೀಡಾ ಸಾಮಗ್ರಿಯ ಪೆಟ್ಟಿಗೆಯಲ್ಲಿ ಚೆಂಡು, ರಿಂಗ್‌ಗಳ ಜೊತೆಗೆ ಪ್ಯಾಡ್‌ಗಳೂ ಇರಲಿ. ಮುಟ್ಟಿನ ದಿನಗಳ ಬಗ್ಗೆ ಸಂಕೋಚವಿಲ್ಲದೆ ಮಾತಾಡೋಣ. ಆಟದ ಪೀರಿಯಡ್‌ನಲ್ಲಿ ಮೈದಾನದ ನಡುಭಾಗ ಹುಡುಗರಿಗೆ, ಗೋಡೆಯಂಚು ಹುಡುಗಿಯರಿಗೆ ಎಂಬ ಪದ್ಧತಿ ಇವತ್ತಿಗೇ ನಿಲ್ಲಲಿ. ಅಪ್ಪ-ಅಮ್ಮ ಒಪ್ಪದಿದ್ದರೆ ಅವರ ಮನೆ ಬಾಗಿಲಿಗೆ ನಾವೇ ಹೋಗೋಣ, ಒಮ್ಮೆಯಲ್ಲ, ಮೂರು ಸಲ.

ಇನ್ನು ಸುರಕ್ಷತೆ. 2023ರಲ್ಲಿ ಪದಕ ಗೆದ್ದ ಕುಸ್ತಿಪಟುಗಳೇ ಲೈಂಗಿಕ ಕಿರುಕುಳದ ದೂರು ಕೇಳಿ ಎಂದು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂರಬೇಕಾಯಿತು. ಅವರಿಗೇ ಹಾಗಾದರೆ, ಎಂಟನೇ ತರಗತಿಯ ಹುಡುಗಿ ಯಾವ ಧೈರ್ಯದಿಂದ ಬಾಯಿ ಬಿಟ್ಟಾಳು? ಹೊರ ಊರಿಗೆ ಹೋಗುವ ಪ್ರತಿ ತಂಡದ ಜೊತೆ ಒಬ್ಬ ಶಿಕ್ಷಕಿ ಇರಲೇಬೇಕು. ಮಗು ಹೇಳಿದ್ದನ್ನು ಮೊದಲು ನಂಬಬೇಕು. ಇದರಲ್ಲಿ ರಾಜಿಯಿಲ್ಲ.

ಸರ್ಕಾರದ ಮುಂದೆ ನಮ್ಮ ಬೇಡಿಕೆಗಳಿವೆ, ನಿರ್ಣಯಗಳ ರೂಪದಲ್ಲಿ ಅವು ಸಂಜೆ ಮಂಡನೆಯಾಗಲಿವೆ. ವೇಳಾಪಟ್ಟಿ ತಿದ್ದಲು ಮಾತ್ರ ಯಾವ ಆದೇಶಕ್ಕೂ ಕಾಯಬೇಕಿಲ್ಲ. ಈ ವರ್ಷ ನಿಮ್ಮ ಹೋಬಳಿ ಕ್ರೀಡಾಕೂಟದ ಮೊದಲ ಸೀಟಿಯನ್ನು ಬಾಲಕಿಯರ ಪಂದ್ಯಕ್ಕೇ ಊದಿ. ಬಸ್ಸು ಹೊರಡುವ ಮುಂಚೆ ಅವಳ ಆಟ ಮುಗಿದಿರಲಿ.