ಅಧಿಕಾರ ಹೋದ ಮೇಲೆ ಕಡತ ಯಾರದು?

ಸಹೋದರರೇ, ಮಕ್ಕಾ ವಿಜಯದ ದಿನ ಕಅಬಾದ ಕೀಲಿಕೈ ಪ್ರವಾದಿಯವರ(ಸ) ಕೈಯಲ್ಲಿತ್ತು. ತಮಗೆ ಕೊಡಿ ಎಂದ ಆಪ್ತರೂ ಇದ್ದರು. ಆದರೂ ಅದನ್ನು ಉಸ್ಮಾನ್ ಬಿನ್ ತಲ್ಹಾರಿಗೇ(ರ) ಮರಳಿಸಿದರು. ಅಮಾನತ್ತಿನ ಕುರಿತಾದ ಅನ್ನಿಸಾ ಅಧ್ಯಾಯದ 58ನೇ ಸೂಕ್ತಕ್ಕೆ ವ್ಯಾಖ್ಯಾನಕಾರರು ಹೇಳುವ ಹಿನ್ನೆಲೆ ಇದು.

ಅಮೆರಿಕದಲ್ಲಿ ನಿಕ್ಸನ್ ಹಗರಣದ ಬಳಿಕ, 1978ರಲ್ಲಿ, ಅಧ್ಯಕ್ಷರ ಕಡತಗಳು ದೇಶದ ಸ್ವತ್ತೆಂದು ಕಾನೂನಾಯಿತು. ಆದರೂ ಅಧಿಕಾರ ಬಿಟ್ಟ ಟ್ರಂಪ್ ಅವರ ಫ್ಲಾರಿಡಾ ನಿವಾಸದಿಂದ 2022ರ ಜನವರಿಯಲ್ಲಿ 15 ಪೆಟ್ಟಿಗೆ ಹಿಂಪಡೆಯಬೇಕಾಯಿತು. ಆಗಸ್ಟ್‌ನಲ್ಲಿ ಎಫ್‌ಬಿಐ ಶೋಧಿಸಿದಾಗ ಇನ್ನೂ ನೂರಕ್ಕೂ ಹೆಚ್ಚು ರಹಸ್ಯ ದಾಖಲೆ ಸಿಕ್ಕವು. ಬಚ್ಚಲುಮನೆಯಲ್ಲಿ ಪೆಟ್ಟಿಗೆ ಪೇರಿಸಿದ ಚಿತ್ರ ದೋಷಾರೋಪ ಪಟ್ಟಿಯಲ್ಲೇ ಇತ್ತು! ಅವರು ಆರೋಪ ನಿರಾಕರಿಸಿದರು. 2024ರಲ್ಲಿ ಮೊಕದ್ದಮೆ ವಜಾ ಆಯಿತು. ಅಭಿಯೋಜಕರ ನೇಮಕ ಕ್ರಮಬದ್ಧವಲ್ಲ ಎಂಬ ಕಾರಣಕ್ಕೆ. ಬೈಡನ್ ಅವರ ಗ್ಯಾರೇಜಿನಲ್ಲೂ ರಹಸ್ಯ ಕಾಗದ ಸಿಕ್ಕಿದ್ದವು. ಅವರ ವಕೀಲರೇ ಅದನ್ನು ತಿಳಿಸಿದರು ಎಂಬ ವ್ಯತ್ಯಾಸವನ್ನೂ ನಾವು ನ್ಯಾಯವಾಗಿ ಹೇಳಬೇಕು.

ದೂರದವರನ್ನು ಕಂಡು ನಗುವುದು ಸುಲಭ. ನಮ್ಮಲ್ಲಿ ಸಮಿತಿ ಬದಲಾದಾಗ ನಿಕಾಹ್ ರಿಜಿಸ್ಟರ್, ವಕ್ಫ್ ಪತ್ರಗಳು ಹಳಬರ ಮನೆಯ ಬೀರುವಿನಲ್ಲೇ ಉಳಿದದ್ದಿಲ್ಲವೇ? ಮಗಳ ಪಾಸ್‌ಪೋರ್ಟಿಗೆ ಒಂದು ನಕಲು ಬೇಕೆಂದು ಬಡ ತಂದೆಯೊಬ್ಬ ಎಷ್ಟು ಸಲ ಆ ಬಾಗಿಲು ತಟ್ಟಬೇಕು? ಅಂಥ ಕಾಗದ ನಮ್ಮಲ್ಲಿ ಯಾರ ಮನೆಯಲ್ಲಿದ್ದರೂ ಇಂದು ಅಸರ್ ನಮಾಝಿಗೆ ಬರುವಾಗ ತನ್ನಿ.